ಅಂಗಳಕ್ಕೆ ಕಲ್ಲು ಹಾಸಿದ್ದು

ಮನೆ ಕಟ್ಟಿಸುವವರಿಗೆ ಮನೆಯ ಮೇಲೆ ಇರುವ ಆಸ್ಥೆ ಅಂಗಳದ ಮೇಲೆ ಇರುವುದಿಲ್ಲ. ನಕ್ಷೆ ಬರೆಸುವಾಗ ದೇವರಮನೆಯ ದಿಕ್ಕು, ಅಡಿಗೆಮನೆಯ ಕಿಟಕಿ, ಮಹಡಿಯ ಮೆಟ್ಟಿಲು ಎಲ್ಲಕ್ಕೂ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅಂಗಳದ ಮಾತು ಬಂದಾಗ ಮಾತ್ರ “ಅದನ್ನು ಆಮೇಲೆ ನೋಡಿಕೊಂಡರಾಯಿತು” ಎಂದು ಎಲ್ಲರೂ ಏಕಕಂಠದಿಂದ ಹೇಳುತ್ತಾರೆ. ಗೃಹಪ್ರವೇಶ ಮುಗಿದು, ಚಪ್ಪರ ಬಿಚ್ಚಿ, ಸಾಲದ ಮೊದಲನೆಯ ಕಂತು ಕಟ್ಟುವ ಹೊತ್ತಿಗೆ ಆ ‘ಆಮೇಲೆ’ ಎಂಬುದು ಬಾಗಿಲಿಗೇ ಬಂದು ನಿಂತಿರುತ್ತದೆ. ಮಳೆ ಬಂದರೆ ಕೆಸರು, ಬಿಸಿಲಾದರೆ ಧೂಳು. ಎರಡೂ ಅತಿಥಿಗಳಿಗಿಂತ ಮೊದಲು ಪಡಸಾಲೆಗೆ ಪ್ರವೇಶ ಮಾಡುತ್ತವೆ.

ಅದೂ ಈಗಿನ ಅಂಗಳವೆಂದರೆ ಎಷ್ಟು? ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಮನೆ ನುಂಗಿ ಉಳಿಸಿದ್ದು. ನಗರಪಾಲಿಕೆಯ ಕಾಗದಪತ್ರಗಳಲ್ಲಿ ಅದಕ್ಕೆ ಅಂಗಳವೆಂಬ ಹೆಸರೂ ಇಲ್ಲ, ‘ಸೆಟ್‌ಬ್ಯಾಕ್’ ಎನ್ನುತ್ತಾರೆ. ಕಾನೂನಿಗೆ ಅಂಜಿ ಬಿಟ್ಟ ಜಾಗವೆಂದು ಅದರ ಅರ್ಥವೆಂದರೆ ತಪ್ಪಾಗಲಾರದು.

ವೈಟ್‌ಫೀಲ್ಡಿನ ಚರಿತ್ರೆ ಬಲ್ಲವರಿಗೆ ಇದು ವಿನೋದವಾಗಿ ತೋರಬಹುದು. ೧೮೮೨ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರವರು, ವೈಟ್ ಎಂಬ ಮಹನೀಯರು ಮುಂದಾಳಾಗಿದ್ದ ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು ೩೯೦೦ ಎಕರೆ ಭೂಮಿಯನ್ನು ದಯಪಾಲಿಸಿದಾಗ ಈ ಊರು ಹುಟ್ಟಿತು. ಬಂದು ನೆಲೆಸಿದವರು ಸಾಗುವಳಿ ಮಾಡಿಕೊಂಡು ಬಾಳಬೇಕೆಂಬುದು ಉದ್ದೇಶ. ಮನೆ ಚಿಕ್ಕದು, ಸುತ್ತಲಿನ ಆವರಣ ದೊಡ್ಡದು ಎಂಬುದು ಅಂದಿನ ಪದ್ಧತಿ. ೧೯೯೦ರ ದಶಕದಲ್ಲಿ ತಂತ್ರಾಂಶದ ಕಚೇರಿಗಳು ಬಂದ ಮೇಲೆ ಪದ್ಧತಿ ತಿರುಗುಮುರುಗಾಯಿತು. ಇಂದು ಅಲ್ಲಿ ಅಡಿ ಅಡಿಗೂ ಬೆಲೆಯಿದೆ. ಅಂಗಳಕ್ಕೆ ಬಿಟ್ಟ ಹತ್ತಡಿಯನ್ನು ನೋಡಿದ ನೆಂಟರು ‘ಒಂದು ಕೋಣೆ ಆಗುತ್ತಿತ್ತಲ್ಲ’ ಎಂದು ಮರುಗುತ್ತಾರೆ.

ಕಾಡುಗೋಡಿಯ ಆಚೆ ಇಂಥದೊಂದು ಮನೆ. ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತು ಯಂತ್ರಗಳ ನಡುವೆ ದುಡಿದು, ಮೇಲ್ವಿಚಾರಕರಾಗಿ ನಿವೃತ್ತರಾದವರು. ಮಿಲಿಮೀಟರಿನ ನೂರನೆಯ ಒಂದು ಭಾಗ ಹೆಚ್ಚುಕಡಿಮೆಯಾದರೆ ತಿರುಚನ್ನೇ ತಿಪ್ಪೆಗೆ ಎಸೆಯುತ್ತಿದ್ದ ಕಣ್ಣು ಅವರದು. ಮಗಳಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ಆದ್ದರಿಂದ ಊರಿನ ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ ಸಂಸಾರ ಬಂದಿತು. ಜೊತೆಗೆ ಎಂಬತ್ತೆರಡು ವರ್ಷದ ತಾಯಿ, ಗುಬ್ಬಿಯ ಕಡೆಯವರು. ಮನೆಯ ಮುಂದೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ನೆಲ ಬರಿದಾಗಿ ಉಳಿದಿತ್ತು. ಅದಕ್ಕೆ ಹಾಸು ಹಾಕಿಸಬೇಕೆಂದು ಯಜಮಾನರು ತೀರ್ಮಾನಿಸಿದ ದಿನವೇ ಮನೆಯಲ್ಲಿ ನಾಲ್ಕು ಅಭಿಪ್ರಾಯಗಳು ಹುಟ್ಟಿದವು.

ಯಜಮಾನರಿಗೆ ಕನ್ನಡಿಯಂತೆ ಮಟ್ಟಸವಾದ ನೆಲ ಬೇಕು. ಮಗಳಿಗೆ ಸಂಜೆ ಎರಡು ಕುರ್ಚಿ ಹಾಕಿಕೊಂಡು ಕೂರುವಂತಿರಬೇಕು. ಗೃಹಿಣಿ ತಮ್ಮ ಅಭಿಪ್ರಾಯವನ್ನು ಆಗಲೇ ಹೇಳಲಿಲ್ಲ. ಅಜ್ಜಿ ಮಾತ್ರ ತುಳಸೀಕಟ್ಟೆಯ ಬಳಿಯಿಂದ ತಿರುಗಿ ನೋಡಿ, “ರಂಗೋಲಿ ಕೂರಬೇಕು, ಕಾಲು ಜಾರಬಾರದು. ಇಷ್ಟೇ ಕಣಪ್ಪ ನಾನು ಕೇಳೋದು” ಎಂದರು.

ಮೇಸ್ತ್ರಿ ಬಂದು ನೋಡಿದ. ಐದೇ ನಿಮಿಷದಲ್ಲಿ ಅವನ ಯೋಜನೆ ಸಿದ್ಧವಾಯಿತು. “ನಾಲ್ಕಂಗುಲ ಕಾಂಕ್ರೀಟು ಹಾಕಿ, ಮೇಲೆ ಹೊಳೆಯೋ ಟೈಲ್ಸ್ ಕೂರಿಸಿಬಿಡೋಣ ಸಾರ್. ಮೂರು ದಿನದ ಕೆಲಸ. ಒಂದು ಹನಿ ನೀರು ಕೆಳಗೆ ಇಳಿಯಲ್ಲ.” ಕೊನೆಯ ಮಾತನ್ನು ಅವನು ಗುಣವೆಂದು ಹೇಳಿದ್ದ. ಎಲ್ಲ ಮನೆಗಳಲ್ಲೂ ಅದನ್ನು ಗುಣವೆಂದೇ ಸ್ವೀಕರಿಸುತ್ತಾರೆ.

ಹೊಳೆಯುವ ಟೈಲುಗಳ ಆಸೆಗೆ ಮೊದಲು ತಣ್ಣೀರೆರಚಿದ್ದು ಪಕ್ಕದ ಬೀದಿಯ ಸುದ್ದಿ. ಅಲ್ಲಿಯ ವೃದ್ಧೆಯೊಬ್ಬರು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋಗಿ, ಅಂಥದೇ ನೆಲದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಒಳಗಿನ ನೆಲಕ್ಕೆ ಒಪ್ಪುವ ನುಣುಪು ಹೊರಗಿನ ನೆಲಕ್ಕೆ ಒಪ್ಪುವುದಿಲ್ಲ. ಮಳೆ, ಪಾಚಿ, ಸಾಬೂನು ನೀರು ಇವೆಲ್ಲ ಬಂದು ಹೋಗುವ ಕಡೆ ಕಾಲಿಗೆ ಹಿಡಿತ ಬೇಕು. ಮುದಿ ವಯಸ್ಸಿನಲ್ಲಿ ಮುರಿದ ಮೂಳೆ ಕೂಡಿದರೂ ನಡಿಗೆಯ ಧೈರ್ಯ ಮರಳಿ ಬರುವುದು ಕಷ್ಟ. ಯಜಮಾನರು ತಾಯಿಯ ಪಾದಗಳನ್ನು ಅಂದು ಮೊದಲ ಬಾರಿಗೆ ನೋಡಿದವರಂತೆ ನೋಡಿದರು. ಕನ್ನಡಿಯ ನೆಲ ಅಲ್ಲಿಗೆ ಮುಗಿಯಿತು.

ಉಳಿದದ್ದು ಕಾಂಕ್ರೀಟು. ಅದರ ಮೇಲೆ ಒರಟು ಟೈಲು ಹಾಕಿದರಾಯಿತೆಂದು ಮೇಸ್ತ್ರಿ ಹೇಳುವಾಗ, ಅದುವರೆಗೆ ಸುಮ್ಮನಿದ್ದ ಗೃಹಿಣಿ ಒಳಗಿನಿಂದ ಒಂದು ನೋಟುಬುಕ್ಕು ತಂದರು. ಅದು ೨೦೨೪ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರುಗಳು ಬಂದ ದಿನ, ಕೊಟ್ಟ ಹಣ ಬರೆದಿಟ್ಟ ಪುಸ್ತಕ. ಆ ವರ್ಷ ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು. ಕಾರು ತೊಳೆಯಲು, ತೋಟಕ್ಕೆ ಹಾಕಲು ಕುಡಿಯುವ ನೀರು ಬಳಸಿದವರಿಗೆ ೫೦೦೦ ರೂಪಾಯಿ ದಂಡವೆಂದು ಜಲಮಂಡಲಿ ಮಾರ್ಚ್ ತಿಂಗಳಲ್ಲಿ ಸಾರಿತ್ತು. ೬೦೦೦ ಲೀಟರಿನ ಟ್ಯಾಂಕರಿಗೆ, ಐದು ಕಿಲೋಮೀಟರಿನ ಒಳಗಾದರೆ, ೬೦೦ ರೂಪಾಯಿಗೆ ಮೀರಕೂಡದೆಂದು ಜಿಲ್ಲಾಡಳಿತ ದರ ಕಟ್ಟಿತ್ತು. ಹೊರವಲಯದ ಮನೆಗಳಲ್ಲಿ ಆ ಬೇಸಿಗೆಯಲ್ಲಿ ನೀರಿಗಾಗಿ ಫೋನು ಹಿಡಿದು ಕಾದವರು ಗೃಹಿಣಿಯರೇ ಹೊರತು ಯಜಮಾನರಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಆರಂಭವಾಗಿ, ೨೦೦೭ರಲ್ಲಿ ನಗರಕ್ಕೆ ಸೇರಿದ ೧೧೦ ಹಳ್ಳಿಗಳಿಗೆ ನದಿಯ ನೀರು ಬರುವ ದಾರಿ ಆಯಿತು, ನಿಜ. ಆದರೆ ಆ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿ ಬರಬೇಕು.

“ನೀವು ಲೆಕ್ಕದವರು, ಒಂದು ಲೆಕ್ಕ ಹಾಕಿರಿ” ಎಂದರು ಗೃಹಿಣಿ ಪತಿಗೆ. “ಈ ಜಾಗದ ಮೇಲೆ ವರ್ಷಕ್ಕೆ ಎಷ್ಟು ನೀರು ಬೀಳುತ್ತೆ?”

ಲೆಕ್ಕ ಬಹಳ ಸುಲಭವಾಗಿತ್ತು. ಹನ್ನೆರಡಕ್ಕೆ ಒಂಬತ್ತು ಅಡಿಯೆಂದರೆ ೧೦೮ ಚದರಡಿ. ಅಂದರೆ ಸುಮಾರು ಹತ್ತು ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಲೀಟರ್. ಸಂಜೆಯ ಒಂದು ಗುಡುಗು ಮಳೆ ನಲವತ್ತು ಮಿಲಿಮೀಟರ್ ಸುರಿದರೆ ೪೦೦ ಲೀಟರ್, ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಇಪ್ಪತ್ತಾರು ಕೊಡದ ಮೇಲಾಯಿತು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಸುಮಾರು ೯೭೦ ಮಿಲಿಮೀಟರ್ ಮಳೆ. ಅಲ್ಲಿಗೆ ಈ ಪುಟ್ಟ ಅಂಗಳದ ಪಾಲು ೯೭೦೦ ಲೀಟರ್. ಗೃಹಿಣಿಯ ಪುಸ್ತಕದ ಪ್ರಕಾರ ಒಂದೂವರೆ ಟ್ಯಾಂಕರಿಗೂ ಹೆಚ್ಚು.

“ಒಂದೂವರೆ ಟ್ಯಾಂಕರ್ ನೀರನ್ನು ದೇವರು ಬಾಗಿಲಿಗೆ ತಂದು ಸುರೀತಾನೆ. ನಾವು ದುಡ್ಡು ಕೊಟ್ಟು ಕಾಂಕ್ರೀಟು ಹಾಕಿಸಿ ಅದನ್ನು ಬೀದಿಗೆ ಓಡಿಸಬೇಕೆ?”

ಆ ಪ್ರಶ್ನೆಗೆ ಯಜಮಾನರ ಬಳಿ ಉತ್ತರವಿರಲಿಲ್ಲ. ಬೀದಿಗೆ ಓಡಿದ ನೀರಿನ ಗತಿಯೂ ಅವರಿಗೆ ತಿಳಿದಿತ್ತು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಮಹದೇವಪುರದ ಕಡೆ ಮನೆಗಳಿಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಗಿ ಬಂದಿತ್ತು. ಕೆರೆಯ ಅಂಗಳಗಳಲ್ಲಿ ಕಟ್ಟಡಗಳು ಎದ್ದದ್ದು, ರಾಜಕಾಲುವೆಗಳು ಕಿರಿದಾದದ್ದು ಅದಕ್ಕೆ ದೊಡ್ಡ ಕಾರಣಗಳು. ಆದರೂ ನೆಲಕ್ಕೆ ಇಂಗದೆ ಮನೆಮನೆಯ ಗೇಟಿನಡಿಯಿಂದ ಹೊರಟ ಇಪ್ಪತ್ತಾರು ಕೊಡಗಳೂ ಆ ಪ್ರವಾಹದಲ್ಲಿ ಸೇರಿದ್ದವು. ಬೇಸಿಗೆಯಲ್ಲಿ ಬರ, ಮಳೆಗಾಲದಲ್ಲಿ ನೆರೆ ಎಂಬ ಎರಡು ಸಂಕಟಗಳಿಗೂ ಒಂದೇ ಬಾಗಿಲಿನಲ್ಲಿ ಒಂದು ಪಾಲು ಇರುವುದು ವಿಚಿತ್ರವಾದರೂ ಸತ್ಯ. ೨೦೦೯ರ ಕಾನೂನು ತಿದ್ದುಪಡಿಯಿಂದ ಬೆಂಗಳೂರಿನಲ್ಲಿ ಮಳೆನೀರಿನ ಕೊಯ್ಲು ಕಡ್ಡಾಯವಾದಾಗ ನಿಯಮ ಮಾಡಿದವರು ಇದನ್ನು ಮರೆತಿರಲಿಲ್ಲ. ಮಾಳಿಗೆಯ ವಿಸ್ತೀರ್ಣದ ಜೊತೆಗೆ, ಹಾಸು ಹಾಕಿದ ತೆರೆದ ನೆಲವನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದಾರೆ.

ಹಾಗಾದರೆ ಕೆಸರೂ ಆಗಬಾರದು, ನೀರೂ ಇಂಗಬೇಕು, ಇದಕ್ಕೆ ಉಪಾಯವೇನು? ಮೇಸ್ತ್ರಿ ತಲೆ ಕೆರೆದುಕೊಂಡು, ಮರುದಿನ ಕಲ್ಲುಕೆಲಸದ ತನ್ನ ಮಾವನನ್ನು ಕರೆತಂದ. ಹಿರಿಯನು ನೆಲವನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿ, “ಗಾರೆ ಬೇಡಿ ಸಾಮಿ. ಜಲ್ಲಿ ಮೇಲೆ ಮರಳು, ಮರಳಿನ ಮೇಲೆ ಚಪ್ಪಡಿ. ಸಂದು ಬಿಡೋಣ. ನೀರು ತನ್ನ ದಾರಿ ತಾನು ನೋಡಿಕೊಳ್ತದೆ” ಎಂದನು.

ಕಲ್ಲಿಗೆ ಬೆಂಗಳೂರು ಬಡ ಊರಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ನೆರಳಿನಲ್ಲಿ ಕುಳಿತು ಕಡಲೆಕಾಯಿ ತಿಂದವರೆಲ್ಲ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸಿನ ಶಿಲೆಯ ಮೇಲೆ ಕುಳಿತವರೇ. ಅದೇ ಜಾತಿಯ ಶಿಲೆ ಈ ಸೀಮೆಯ ಮಣ್ಣಿನಡಿಯಲ್ಲೆಲ್ಲ ಹರಡಿಕೊಂಡಿದೆ. ೧೯೫೬ರಲ್ಲಿ ಪೂರ್ಣವಾದ ವಿಧಾನಸೌಧ ಎದ್ದು ನಿಂತದ್ದು ಇಲ್ಲಿಯ ಗ್ರಾನೈಟಿನಿಂದ. ಸುತ್ತಲಿನ ಹಳ್ಳಿಗಳಲ್ಲಿ ಬೇಲಿಗೆ, ಗೋಡೆಗೆ, ಮಾಳಿಗೆಗೆ ಕೂಡ ಚಪ್ಪಡಿಯನ್ನೇ ನಿಲ್ಲಿಸುತ್ತಿದ್ದರು. ಇಷ್ಟು ಗಟ್ಟಿಯಾದ ಬಂಡೆಯಿಂದ ತೆಳ್ಳನೆಯ ಹಾಳೆಗಳನ್ನು ಎಬ್ಬಿಸುತ್ತಿದ್ದ ಹಳೆಯ ಉಪಾಯ ಕೇಳಿದರೆ ಆಶ್ಚರ್ಯವಾಗುತ್ತದೆ. ಬಯಲು ಬಂಡೆಯ ಮೇಲೆ ಸುಮಾರು ಏಳಡಿ ಉದ್ದದ ಸೌದೆಯ ಬೆಂಕಿಯ ಸಾಲು ಹಚ್ಚುವರು. ಸುತ್ತಿಗೆಯಿಂದ ತಟ್ಟಿ ಆಲಿಸುವರು. ಕೆಳಗಿನ ಬಂಡೆಯಿಂದ ಮೇಲಿನ ಪದರ ಬಿಟ್ಟಿತೆಂದು ಸದ್ದು ಹೇಳಿದೊಡನೆ ಬೆಂಕಿಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುವರು. ಹೀಗೆ ಬೆಂಕಿಯ ಸಾಲು ಇಪ್ಪತ್ತೈದು ಅಡಿಯವರೆಗೂ ಬೆಳೆಯುತ್ತಿತ್ತು; ಬಂಡೆಯ ಮೇಲ್ಪದರ ಒಂದೇ ಹಾಳೆಯಾಗಿ ಎದ್ದು ಬರುತ್ತಿತ್ತು. ಕಿವಿಯೇ ಅಲ್ಲಿ ಅಳತೆಗೋಲು. ಈಗ ಗರಗಸದ ಯಂತ್ರ ಕಲ್ಲನ್ನು ಕೊಯ್ಯುತ್ತದೆ. ಆದರೂ ಬೆಂಕಿಗೂ ಕಲ್ಲಿಗೂ ಇರುವ ನಂಟು ಪೂರ್ತಿ ತಪ್ಪಿಲ್ಲ. ಕಾಲು ಜಾರದಿರಲೆಂದು, ಕೊಯ್ದ ಕಲ್ಲಿನ ಮೈಗೆ ಅನಿಲದ ಜ್ವಾಲೆ ತೋರಿಸಿ ಒರಟು ಮಾಡುತ್ತಾರೆ. ಅಜ್ಜಿಯ ಪಾದಕ್ಕೆಂದು ಅಂಥ ಬೂದುಬಣ್ಣದ ಕಲ್ಲನ್ನೇ ಆರಿಸಲಾಯಿತು.

ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಂಗುಲ ದಪ್ಪದ ಚಪ್ಪಡಿಗಳು. ಸಾಲಿಗೆ ಆರರಂತೆ ಆರು ಸಾಲು. ಒಟ್ಟು ಮೂವತ್ತಾರು ಆಗಬೇಕು. ಗೃಹಿಣಿ “ಮೂವತ್ತೈದು ಸಾಕು” ಎಂದರು. ಒಂದು ಕಲ್ಲಿನ ಜಾಗದಲ್ಲಿ ನಂದಬಟ್ಟಲ ಗಿಡ ಬರಬೇಕಾಗಿತ್ತು. ಒಂದೊಂದು ಕಲ್ಲೂ ಮೂವತ್ತೇಳು ಮೂವತ್ತೆಂಟು ಕಿಲೋ ತೂಗುವುದರಿಂದ ಎತ್ತಿ ಇಡಲು ಇಬ್ಬರು ಬೇಕು. ಒಬ್ಬನೇ ಎತ್ತುವ ಸಾಹಸ ಮಾಡಿದರೆ ಸೊಂಟ ಬಿಗಿಯುವುದು ಖಂಡಿತ.

ಕೆಲಸದ ಕ್ರಮವನ್ನು ತಿಳಿಯಬಯಸುವ ವಾಚಕರಿಗಾಗಿ ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಮೊದಲು ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ, ನೆಲವನ್ನು ಎಂಟಂಗುಲ ಅಗೆದರು. ಎಪ್ಪತ್ತೆರಡು ಘನ ಅಡಿ ಕೆಮ್ಮಣ್ಣು ಬಂದಿತು. ಅದನ್ನು ಲಾರಿಗೆ ತುಂಬಿ ಕಳಿಸದೆ ಹಿತ್ತಿಲ ಗಿಡಗಳಿಗೆ ಏರಿಸಿದರು. ತಳವನ್ನು ಸಮಮಾಡಿ, ನಾಲ್ಕಂಗುಲ ಜಲ್ಲಿ ಹರಡಿ ದಮ್ಮಸು ಹಾಕಿದರು. ಈ ಜಲ್ಲಿ ತೊಳೆದದ್ದಾಗಿರಬೇಕು. ಪುಡಿ ಸೇರಿದ್ದರೆ ಕಲ್ಲಿನ ನಡುವಣ ಪೊಳ್ಳು ತುಂಬಿಹೋಗಿ ನೀರು ನಿಲ್ಲಲು ಎಡೆಯಿರುವುದಿಲ್ಲ. ಅದರ ಮೇಲೆ ಎರಡಂಗುಲ ದಪ್ಪ ಮರಳು. ಅಂಚಿನ ಕಲ್ಲುಗಳನ್ನು ಮಾತ್ರ ಗಾರೆಯಲ್ಲಿ ಬಿಗಿಯಾಗಿ ಕೂರಿಸಿದರು. ಅಂಚು ಭದ್ರವಾಗಿದ್ದರೆ ಒಳಗಿನವು ಅತ್ತಿತ್ತ ಸರಿಯುವುದಿಲ್ಲ. ಮನೆಯ ತಳಪಾಯಕ್ಕೆ ತಾಗಿ ಒಂದೂವರೆ ಅಡಿ ಅಗಲದ ಗಾರೆ ಪಟ್ಟಿಯನ್ನು ಮೊದಲೇ ಕಟ್ಟಿದ್ದರು, ಗೋಡೆಯ ಬುಡಕ್ಕೆ ತೇವ ಏರದಿರಲೆಂದು. ಅಂಗಳದ ಮೂಲೆಯಲ್ಲಿದ್ದ ಸಂಪಿನ ಬಾಯಿಯನ್ನು ಮೂರಂಗುಲ ಎತ್ತರಿಸಿ ಮುಚ್ಚಳ ಬಿಗಿಮಾಡಿದರು. ನೆಲದ ಕೊಳೆನೀರು ಕುಡಿಯುವ ನೀರಿಗೆ ಇಳಿದರೆ ಬೇರೆಲ್ಲ ಜಾಣತನವೂ ವ್ಯರ್ಥ. ಈ ಮಾತನ್ನು ಎಲ್ಲ ಮನೆಯವರೂ ನೆನಪಿನಲ್ಲಿಡಬೇಕು.

ಕಲ್ಲು ಇಡುವ ದಿನ ಯಜಮಾನರು ರಸಮಟ್ಟ ಹಿಡಿದು ನಿಂತರು. ಮೊದಲ ಸಾಲು ಮುಗಿದಾಗ ಗುಳ್ಳೆ ನಡುವಿಗೆ ಬರಲಿಲ್ಲ. ಅವರ ಮುಖ ಕೆಂಪಾಯಿತು.

“ಮಟ್ಟ ಇಲ್ಲವಲ್ಲಯ್ಯ ಇದು!”

“ಮಟ್ಟ ಇರಬಾರದು ಸಾಮಿ” ಎಂದ ಹಿರಿಯ, ತಲೆಯೆತ್ತದೆ. “ಅಡಿಗೆ ಕಾಲಂಗುಲ ಇಳಿಜಾರು. ಜೋರು ಮಳೆ ಬಂದಾಗ ಇಂಗಿ ಮಿಕ್ಕಿದ್ದು ಮನೆ ಕಡೆ ತಿರುಗಬಾರದು.”

ಒಂಬತ್ತು ಅಡಿಗೆ ಎರಡೂಕಾಲು ಅಂಗುಲ. ಮೂವತ್ತು ವರ್ಷ ಯಾವ ವಾರೆಯನ್ನೂ ಕ್ಷಮಿಸದಿದ್ದವರು ಈಗ ಬೇಕೆಂದೇ ಇಟ್ಟ ವಾರೆಯನ್ನು ಕಾಯಬೇಕಾಯಿತು. ಆಮೇಲೆ ಸಂದುಗಳ ಸರದಿ. ಕಲ್ಲಿಗೂ ಕಲ್ಲಿಗೂ ನಡುವೆ ಅರ್ಧ ಅಂಗುಲ ಬಿಟ್ಟು, ಅದರಲ್ಲಿ ದಪ್ಪ ಮರಳು ತುಂಬುವುದು. ಬಿಗಿಯಾಗಿ ಸೇರಬೇಕಾದ ಎರಡು ವಸ್ತುಗಳ ನಡುವೆ ಅಂತರ ಬಿಡುವುದೆಂದರೆ ಕಾರ್ಖಾನೆಯಲ್ಲಿ ಅಪರಾಧ. ಇಲ್ಲಿ ಕಲ್ಲು ನಡೆಯುವವರಿಗೆ, ಸಂದು ಮಳೆಗೆ. ಅರ್ಧ ಅಂಗುಲದ ಮರದ ಚೂರೊಂದನ್ನು ತಾವೇ ಕೆತ್ತಿಕೊಂಡು, ಪ್ರತಿ ಸಂದಿನಲ್ಲೂ ಇಟ್ಟು ನೋಡುತ್ತ ಯಜಮಾನರು ಸಾಯಂಕಾಲದವರೆಗೆ ಹಿರಿಯನ ಹಿಂದೆಯೇ ಕುಳಿತಿದ್ದರು. ನಿವೃತ್ತಿಯಾದ ಮೇಲೆ ಅವರನ್ನು ಅಷ್ಟು ಸುಖವಾಗಿ ಯಾರೂ ನೋಡಿರಲಿಲ್ಲ.

ಇಂಥ ನೆಲದಲ್ಲಿ ದೋಷಗಳಿಲ್ಲವೆ? ಇವೆ. ಸಂದುಗಳಲ್ಲಿ ಹುಲ್ಲು ಹುಟ್ಟುತ್ತದೆ, ತಿಂಗಳಿಗೊಮ್ಮೆ ಕೀಳಬೇಕು. ಇರುವೆಗಳು ಮರಳನ್ನು ಮೇಲೆ ತಂದು ಪುಟ್ಟ ಗುಡ್ಡೆ ಕಟ್ಟುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಲ್ಲು ಕಾದು ಬರಿಗಾಲು ಇಡಲಾಗುವುದಿಲ್ಲ. ಮೊದಲನೆಯ ಮಳೆಗಾಲದಲ್ಲಿ ಒಂದೆರಡು ಕಲ್ಲು ಕುಸಿಯುವುದು ಸಹಜ. ಎತ್ತಿ, ಕೆಳಗೆ ಮರಳು ಸೇರಿಸಿ, ಮತ್ತೆ ಇಡಬೇಕು. ಎರಡಂಗುಲದ ಚಪ್ಪಡಿ ಕಾರಿನ ಭಾರವನ್ನು ತಾಳದು. ಗೇಟಿನ ಪಕ್ಕದ ಕಾರಿನ ಜಾಗಕ್ಕೆ ಇವರು ಗಾಲಿ ಹಾಯುವಷ್ಟೇ ಅಗಲದ ಎರಡು ಪಟ್ಟಿಗಳಲ್ಲಿ ನಾಲ್ಕಂಗುಲದ ಘನಗಲ್ಲು ಹಾಸಿಸಿ, ನಡುವೆ ಹುಲ್ಲು ಬಿಟ್ಟರು. ಒಮ್ಮೆ ಹಾಸಿ ಮರೆತುಬಿಡುವ ನೆಲ ಬೇಕೆನ್ನುವವರಿಗೆ ಇದು ತಕ್ಕದ್ದಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಒಂದು ಮನೆಯ ಹತ್ತು ಚದರ ಮೀಟರಿನಿಂದ ಬತ್ತಿದ ಕೊಳವೆಬಾವಿ ತುಂಬುವುದಿಲ್ಲ. ಬಿದ್ದ ಮಳೆಯೆಲ್ಲ ಆಳಕ್ಕೆ ಇಳಿಯುವುದೂ ಇಲ್ಲ. ಕೆಲವು ಪಾಲು ಬಿಸಿಲಿಗೆ ಆವಿಯಾಗುತ್ತದೆ, ಕೆಲವನ್ನು ಗಿಡಗಳ ಬೇರು ಹೀರುತ್ತದೆ. ಹೆಚ್ಚು ಇಂಗಬೇಕಾದರೆ ಮಾಳಿಗೆಯ ನೀರಿಗೆ ಇಂಗುಬಾವಿ ತೋಡಿಸಬೇಕು. ಮೂರಡಿ ಅಗಲ, ಇಪ್ಪತ್ತಡಿ ಆಳದ, ತಳ ತೆರೆದ ಬಾವಿಯಲ್ಲಿ ಒಮ್ಮೆಗೆ ಸುಮಾರು ೪೦೦೦ ಲೀಟರ್ ನಿಲ್ಲುತ್ತದೆ. ತಲೆತಲಾಂತರದಿಂದ ಬಾವಿ ತೋಡುವ ಭೋವಿ ಸಮುದಾಯದ ಕುಶಲಿಗಳು ಸರ್ಜಾಪುರ ರಸ್ತೆಯ ಕಡೆ ಇಂದಿಗೂ ಇದ್ದಾರೆ. ಬಯೋಮ್ ಎಂಬ ಸಂಸ್ಥೆ ಬೆಂಗಳೂರಿಗೆ ಹತ್ತು ಲಕ್ಷ ಬಾವಿಗಳೆಂಬ ಸಂಕಲ್ಪವನ್ನು ಅವರ ಕೈಯ ಬಲದ ಮೇಲೆಯೇ ಹೂಡಿದೆ. ಕಾಡುಗೋಡಿಯ ಈ ಮನೆಯವರು ಮುಂದಿನ ವರ್ಷಕ್ಕೆ ಒಂದು ಬಾವಿಯ ಹಣವನ್ನು ಎತ್ತಿಟ್ಟಿದ್ದಾರೆ. ನೋಟುಬುಕ್ಕಿನ ಹೊಸ ಪುಟದಲ್ಲಿ ಗೃಹಿಣಿ ಅದನ್ನು ಬರೆದಿದ್ದಾರೆ.

ಮಳೆಗಾಲ ಕಳೆಯಿತು. ಜೋರು ಮಳೆಯಲ್ಲಿ ಸ್ವಲ್ಪ ನೀರು ಗೇಟಿನ ಕಡೆ ಹರಿದದ್ದುಂಟು. ಸಾಧಾರಣ ಮಳೆಗೆ ಮಾತ್ರ ಅಂಗಳದಿಂದ ಒಂದು ಹನಿಯೂ ಹೊರಗೆ ಹೋಗಲಿಲ್ಲ. ಎರಡು ಕಲ್ಲು ಕುಸಿದವು. ಯಜಮಾನರೂ ಮಗಳೂ ಸೇರಿ ಅವನ್ನು ಎತ್ತಿ ಸರಿಮಾಡಿದರು. ನಂದಬಟ್ಟಲು ನೀರೆರೆಯುವ ಗೊಡವೆಯಿಲ್ಲದೆ ಚಿಗುರಿತು.

ಪುಷ್ಯಮಾಸದಲ್ಲಿ ಬೀದಿಯ ಉದ್ದಕ್ಕೂ ನೀರಿನ ಕೊಳವೆ ಬದಲಾಯಿಸುವ ಕೆಲಸ ಬಂದಿತು. ಪ್ರತಿ ಮನೆಯ ಅಂಗಳವನ್ನೂ ಗೇಟಿನಿಂದ ಸಂಪಿನವರೆಗೆ ಅಗೆಯಬೇಕಾಗಿತ್ತು. ಎದುರು ಮನೆಯಲ್ಲಿ ಯಂತ್ರ ತಂದು ಕಾಂಕ್ರೀಟು ಒಡೆದರು. ಎರಡು ದಿನ ಧೂಳು ಹಾರಿತು, ಒಡೆದ ಟೈಲಿಗೆ ಜೊತೆಯ ಬಣ್ಣ ಅಂಗಡಿಯಲ್ಲಿ ಸಿಗಲಿಲ್ಲ. ಇಲ್ಲಿ ಇಬ್ಬರು ಆಳುಗಳು ಗುದ್ದಲಿಯ ತುದಿಯಿಂದ ಮೀಟಿ ಒಂದು ಸಾಲಿನ ಆರು ಕಲ್ಲುಗಳನ್ನು ಎತ್ತಿ ಗೋಡೆಗೆ ಒರಗಿಸಿದರು. ಅಡಿಯ ಮಣ್ಣು ತಂಪಾಗಿ, ಕಪ್ಪೇರಿ, ಕೈಗೆ ಅಂಟುತ್ತಿತ್ತು. ಮಳೆ ನಿಂತು ಆಗಲೇ ಒಂದೂವರೆ ತಿಂಗಳಾಗಿತ್ತು. ಅಜ್ಜಿ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು, ಬೆರಳಲ್ಲಿ ಹೊಸಕಿ ನೋಡಿ, ಮಾತಾಡದೆ ಒಳಗೆ ಹೋದರು. ಸಂಜೆಯ ಕಾಫಿಯ ಹೊತ್ತಿಗೆ ಕಲ್ಲುಗಳು ಮೊದಲಿನ ಜಾಗಕ್ಕೇ ಬಂದಿದ್ದವು. ಮರುದಿನ ಬೆಳಿಗ್ಗೆ ಅದರ ಮೇಲೆ ಎಂಟೆಳೆಯ ರಂಗೋಲಿ ಇತ್ತು.